ವಾಗೀಶರು ಮರ ಹತ್ತಿದ್ದು

ಮನೆಯೊಡತಿ ಬಸಮ್ಮ ಹಕಾರ ನುಂಗುತ್ತಾರೆ ಎಂಬುದೊಂದೇ ವಾಗೀಶರಿಗೆ ಅವರ ಮೇಲಿದ್ದ ದೂರು. ಬೋಗಾದಿಯ ಆ ಮನೆಯ ಮಹಡಿಯಲ್ಲಿ ಬಾಡಿಗೆಗಿದ್ದ ವಾಗೀಶರು ಕನ್ನಡ ಮೇಷ್ಟ್ರು. ಬಸಮ್ಮ ‘ಅಕ್ಕಿ’ ಎಂದರೆ ಅದು ಅಕ್ಕಿಯೋ ಹಕ್ಕಿಯೋ ಎಂದು ಕೇಳಿ ಕೇಳಿ ಸುಸ್ತಾಗಿ, ಈಗೀಗ ಮನಸ್ಸಿನಲ್ಲೇ ತಿದ್ದಿಕೊಂಡುಬಿಡುತ್ತಿದ್ದರು.

ಆ ಭಾನುವಾರ ಬೆಳಿಗ್ಗೆ ಬಸಮ್ಮ ಕೆಳಗಿನಿಂದ ಕೂಗಿದರು. “ವಾಗೀಸಪ್ಪ, ಲೇಔಟಿನ ಇಂದ್ಗಡೆ ಚಿರ್ತೆ ಬಂದದೆ. ಅತ್ತಿ ಮರದ ಮ್ಯಾಲೆ ಮನ್ಗದೆ.”

ವಾಗೀಶರಿಗೆ ಆಕಾಶ ಮೂರೇ ಗೇಣು ಉಳಿಯಿತು. ಅಂದೇ ಸಂಜೆ ಕೃಷ್ಣಮೂರ್ತಿಪುರಂನ ಛಾಯಾಚಿತ್ರ ಸಂಘದಲ್ಲಿ ಸ್ಪರ್ಧೆ. ಯಾರು ಬೇಕಾದರೂ ಚಿತ್ರ ಕಳಿಸಬಹುದು. ವಿಷಯ ‘ಮರದ ಮೇಲೆ ವಿಶ್ರಮಿಸುವ ಚಿರತೆ’. ಈ ಸುದ್ದಿಯನ್ನು ಬೀದಿಗೆಲ್ಲ ಸಾರಿದವರೂ ವಾಗೀಶರೇ. ವರ್ಷಗಟ್ಟಲೆ ಕಾಡು ಅಲೆದು ಅವರು ತಂದಿದ್ದೆಲ್ಲ ಚಿರತೆ ಆಗತಾನೇ ಎದ್ದುಹೋದ ಕೊಂಬೆಗಳ ಚಿತ್ರ. ಸಂಘದಲ್ಲಿ ಅವರಿಗೆ ‘ಕೊಂಬೆ ವಾಗೀಶ’ ಎಂದೇ ಹೆಸರು. ನಕ್ಕು ಸುಮ್ಮನಾಗುತ್ತಿದ್ದರೂ ಅದು ಅವರನ್ನು ನಿಜಕ್ಕೂ ನೋಯಿಸಿತ್ತು. ಇವತ್ತು ಗೆದ್ದರೆ ಅದು ತೊಲಗುತ್ತದೆ.

ಲೇಔಟಿನ ಹಿಂದೆ ಎರಡು ದೊಡ್ಡ ಮರಗಳು ಎದುರುಬದುರಾಗಿ ನಿಂತಿದ್ದವು. ಒಂದು ಅತ್ತಿ, ಇನ್ನೊಂದು ಬೂರುಗ, ಊರವರ ಬಾಯಲ್ಲಿ ಹತ್ತಿ ಮರ. ವಾಗೀಶರು ಬಸಮ್ಮನ ‘ಅತ್ತಿ’ಗೆ ಎಂದಿನಂತೆ ಹಕಾರ ಸೇರಿಸಿದರು. ಹತ್ತಿ ಮರದ ಚಿರತೆಯನ್ನು ಹಿಡಿಯಲು ಎದುರಿನ ಅತ್ತಿ ಮರಕ್ಕಿಂತ ಒಳ್ಳೆಯ ಜಾಗ ಯಾವುದಿದೆ? ಮೊಳದುದ್ದದ ಲೆನ್ಸನ್ನು ಕೊರಳಿಗೆ ಹಾಕಿಕೊಂಡು ಸದ್ದಿಲ್ಲದೆ ಏರಿ ಕೂತರು.

ಅಷ್ಟರಲ್ಲಿ ಬೀದಿಯವರೆಲ್ಲ ಬಸಮ್ಮನ ತಾರಸಿಯಲ್ಲಿ ಜಮಾಯಿಸಿದ್ದರು. ಎಲ್ಲರೂ ‘ಮೇಲೆ, ಮೇಲೆ’ ಎಂದು ಕೈಸನ್ನೆ ಮಾಡತೊಡಗಿದರು. ಜನರ ಸಲಹೆಗೆ ಬೆಲೆ ಕೊಟ್ಟು ವಾಗೀಶರು ಇನ್ನೊಂದು ಕೊಂಬೆ ಮೇಲೇರಿದರು. ಕೂಡಲೇ ಬಸಮ್ಮನ ಫೋನು ಬಂತು.

“ಅಲ್ಯಾಕಪ್ಪ ಕೂತಿದ್ದೀಯ?”

“ಹತ್ತಿ ಮರ ಇಲ್ಲಿಂದ ಚೆನ್ನಾಗಿ ಕಾಣುತ್ತೆ ಕಣಮ್ಮ,” ಎಂದು ಪಿಸುಗುಟ್ಟಿದರು.

“ಅತ್ತಿ ಅಂದ್ರೆ ಅತ್ತಿ ಕಣಪ್ಪ. ಅಣ್ಣು ಬುಡೋ ಅತ್ತಿ. ನೀನು ಕೂತಿರೋದೇ ಅದು.”

ವಾಗೀಶರು ನಿಧಾನವಾಗಿ ತಲೆ ಎತ್ತಿದರು. ಎಲೆಗಳ ನಡುವಿಂದ ಎರಡು ಕಣ್ಣು ಅವರನ್ನೇ ನೋಡುತ್ತಿದ್ದವು. ಜೀವ ಬಾಯಿಗೆ ಬಂದರೂ ಬೆರಳು ತನ್ನ ಕೆಲಸ ಮರೆಯಲಿಲ್ಲ. ಕೈಯಲ್ಲಿದ್ದ ಫೋನಿನಲ್ಲೇ ಚಿತ್ರ ತೆಗೆಯಿತು. ಚಿರತೆ ಹಲ್ಲು ಕಿರಿದು, ಅವರನ್ನು ದಾಟಿ ನೆಲಕ್ಕೆ ಹಾರಿ ಪೊದೆಯಲ್ಲಿ ಮರೆಯಾಯಿತು.

ಚಿತ್ರ ಮೀಸೆಯ ಕೂದಲು ಎಣಿಸುವಷ್ಟು ಸ್ಪಷ್ಟವಾಗಿತ್ತು. ಅದನ್ನು ಮಧ್ಯಾಹ್ನವೇ ಕಳಿಸಿ, ಸಂಜೆ ವಾಗೀಶರು ಜಂಬೂಸವಾರಿಯ ಆನೆಯ ಹಾಗೆ ಸಂಘದೊಳಕ್ಕೆ ಕಾಲಿಟ್ಟರು. ಸಭೆಗೆ ಸಭೆಯೇ ಎದ್ದು ನಿಂತು ಚಪ್ಪಾಳೆ ತಟ್ಟಿತು. ವಾಗೀಶರ ಕಣ್ಣು ತುಂಬಿತು. ಅಧ್ಯಕ್ಷ ಚನ್ನಬಸವಯ್ಯ ಬಂದು ಅಪ್ಪಿಕೊಂಡರು.

“ಮೊದಲ ಬಹುಮಾನದ ಚಿತ್ರಕ್ಕೆ ಕಳೆ ಬಂದಿರೋದೇ ನಿಮ್ಮಿಂದ ಕಣ್ರೀ.”

“ನನ್ನ ಚಿತ್ರಕ್ಕೇ ತಾನೆ?”

“ನಿಮ್ಮದರಲ್ಲಿ ಚಿರತೆ ಕೆಂಗಣ್ಣು ಬಿಡ್ತಾ ಇದೆ. ವಿಶ್ರಾಂತಿ ಎಲ್ಲಿದೆ ಹೇಳಿ?”

ಅವರು ಗೋಡೆಯತ್ತ ಕೈ ತೋರಿಸಿದರು. ಅಲ್ಲಿದ್ದದ್ದು ತಾರಸಿಯಿಂದ ತೆಗೆದ ಚಿತ್ರ. ಮೇಲಿನ ಕೊಂಬೆಯಲ್ಲಿ ಕಾಲು ಇಳಿಬಿಟ್ಟು ಮಲಗಿದ ಚಿರತೆ. ಕೆಳಗಿನ ಕೊಂಬೆಯಲ್ಲಿ ಅದಕ್ಕೆ ಬೆನ್ನು ಹಾಕಿ, ಖಾಲಿ ಹತ್ತಿ ಮರಕ್ಕೆ ಲೆನ್ಸ್ ಹಿಡಿದು ಕೂತ ವಾಗೀಶರು.

ಬಹುಮಾನದ ಶಾಲು ಹೊದ್ದಿದ್ದ ಬಸಮ್ಮ ಅವರ ಕೈ ಹಿಡಿದುಕೊಂಡು ಅಕ್ಕರೆಯಿಂದ ಹೇಳಿದರು:

“ಮುಂದಿನ ಸಲ ಒಸಿ ಈ ಕಡೆ ತಿರುಗಿ, ನಗ್ತಾ ಕೂತ್ಕಳಪ್ಪ.”