ನಾನು ಕಟ್ಟಿದ ನನ್ನ ಫೀ

ನಮ್ಮ ಕಡೆ ನಲವತ್ತು ದಾಟಿದ ಗಂಡಸಿಗೆ ಬೇಕಾದಷ್ಟು ಸ್ವಾತಂತ್ರ್ಯವಿದೆ. ಅವನು ಹೊಸ ಮೋಟಾರ್‌ಸೈಕಲ್ ಕೊಳ್ಳಬಹುದು, ಕೂದಲಿಗೆ ಬಣ್ಣ ಹಚ್ಚಬಹುದು, ಸಹಕಾರಿ ಪತಸಂಸ್ಥೆಯ ಚುನಾವಣೆಗೆ ನಿಂತು ಸೋಲಬಹುದು. ಯಾರೂ ಯಾಕೆಂದು ಕೇಳುವುದಿಲ್ಲ. ಆದರೆ ಅದೇ ಮನುಷ್ಯ ಕಾಲೇಜಿಗೆ ಹೆಸರು ಹಚ್ಚಿದನೆಂದು ತಿಳಿದರೆ ಗುರುತು ಪರಿಚಯದವರೆಲ್ಲ ಒಬ್ಬೊಬ್ಬರಾಗಿ ಬಂದು ಆರೋಗ್ಯ ವಿಚಾರಿಸುತ್ತಾರೆ. ನಾನು ಎಂ.ಬಿ.ಎ.ಗೆ ಸೇರಿದ ವಾರವೇ ಗಡಹಿಂಗ್ಲಜದಿಂದ ನನ್ನ ಸೋದರಮಾವ ಫೋನ್ ಮಾಡಿ, ತಬ್ಯೇತ್ ನೆಟ್ಟಗಿದೆಯೇ, ಊಟ ಸೇರುತ್ತದೆಯೇ, ಹೆಂಡತಿಯ ಜೊತೆ ಮಾತುಕತೆ ಇದೆಯೇ ಎಂದು ಕೇಳಿದರು. ಇದೆ ಎಂದೆ. ಆಗ ಇನ್ನೂ ಇತ್ತು.

ಇಚಲಕರಂಜಿ ಪಕ್ಕದ ಯಡ್ರಾವದ ಒಂದು ಸೈಜಿಂಗ್‌ನಲ್ಲಿ ನಾನು ಮ್ಯಾನೇಜರ್. ಸೈಜಿಂಗ್ ಎಂದರೆ ನೂಲಿಗೆ ಗಂಜಿ ಕುಡಿಸಿ, ಒಣಗಿಸಿ, ಬೀಮ್ ಎಂಬ ದೊಡ್ಡ ಉರುಳೆಗೆ ಸುತ್ತಿ ಮಗ್ಗದವರಿಗೆ ಕೊಡುವ ಕಾರಖಾನೆ. ಗಂಜಿಯ ಹದ ತಪ್ಪಿದರೆ ನೂಲು ಮಗ್ಗದ ಮೇಲೆ ಪಟಪಟ ಹರಿಯುತ್ತದೆ, ಮಗ್ಗದವರು ಬಂದು ನನ್ನ ಮೇಲೆ ಹರಿಹಾಯುತ್ತಾರೆ. ಇಷ್ಟು ವರ್ಷ ಈ ಹದವೊಂದು ಗೊತ್ತಿದ್ದರೆ ಸಾಕಾಗಿತ್ತು. ಮಾಲಕರ ಮಗ ಪುಣೆಯಲ್ಲಿ ಓದಿ ಬಂದ ಮೇಲೆ ಅದು ಸಾಲದಾಯಿತು. ಆತ ಒಂದು ದಿನ ನನ್ನ ಮೇಜಿನ ತುದಿಗೆ ಕುಳಿತು, ನಿಮ್ಮ ಅನುಭವ ದೊಡ್ಡದು ಕಾಕಾ, ಆದರೆ ಬ್ಯಾಂಕಿನವರು ಬಂದಾಗ ಮ್ಯಾನೇಜರ್ ಏನು ಓದಿದ್ದಾರೆ ಎಂದು ಕೇಳುತ್ತಾರೆ, ಎಂದು ಮರಾಠಿಯಲ್ಲಿ ಬಹಳ ಮೃದುವಾಗಿ ಹೇಳಿದ. ಕೆಲಸ ಬಿಡದೆ ಓದುವಂಥ ಎಂ.ಬಿ.ಎ. ಕೊಲ್ಹಾಪುರದಲ್ಲಿದೆಯಂತೆ, ಶನಿವಾರ ಸಂಜೆ, ಭಾನುವಾರ ಇಡೀ ದಿನ. ಮುಗಿಸಿದರೆ ಪಗಾರ ಹೆಚ್ಚಾಗುತ್ತದಂತೆ. ಫೀ ಯಾರು ಕಟ್ಟಬೇಕು ಎಂಬ ಮಾತು ಬರುವಷ್ಟರಲ್ಲಿ ಆತನಿಗೆ ಫೋನ್ ಬಂತು.

ಮೊದಲ ದಿನ ನಾನು ತರಗತಿಯೊಳಗೆ ಕಾಲಿಟ್ಟಾಗ ಹುಡುಗ ಹುಡುಗಿಯರೆಲ್ಲ ಎದ್ದು ನಿಂತರು. ಕುಳಿತುಕೊಳ್ಳಿ ಎಂದು ಕೈ ಮಾಡಿದೆ, ಕುಳಿತರು. ಆಮೇಲೆ ನಿಜವಾದ ಅಧ್ಯಾಪಕ ಬಂದಾಗ ಯಾರೂ ಏಳಲಿಲ್ಲ. ಆತ ನನ್ನ ಮೋಟಾರ್‌ಸೈಕಲ್ಲಿಗಿಂತ ಎರಡು ಮೂರು ವರ್ಷ ದೊಡ್ಡವನಿರಬೇಕು, ಅಷ್ಟೇ. ಅಂದಿನಿಂದ ಅವನಿಗೂ ನನಗೂ ಅಷ್ಟಕ್ಕಷ್ಟೇ.

ಈಗ ಫೀಯ ವಿಷಯಕ್ಕೆ ಬರಬೇಕು. ನನ್ನ ಹೆಂಡತಿ ಸುನಂದಾ ಇಚಲಕರಂಜಿಯ ಒಂದು ಖಾಸಗಿ ಶಾಲೆಯಲ್ಲಿ ಚಿಕ್ಕ ಮಕ್ಕಳಿಗೆ ಟೀಚರ್. ಡಿ.ಎಡ್. ಮಾಡಿದ್ದಾಳೆ, ದೊಡ್ಡ ತರಗತಿಗೆ ಕಲಿಸಬೇಕೆಂದರೆ ಬಿ.ಎಡ್. ಬೇಕು. ನೌಕರಿ ಮಾಡುತ್ತಲೇ ಮಾಡುವ ಬಿ.ಎಡ್. ಇದೆ, ರಜೆಯಲ್ಲಿ ಅವಳ ತವರೂರು ಗಡಹಿಂಗ್ಲಜದಲ್ಲೇ ತರಗತಿ. ಅದಕ್ಕೆಂದೇ ಅವಳು ಓಣಿಯ ಹೆಂಗಸರ ಭಿಶಿಗೆ ತಿಂಗಳು ತಿಂಗಳು ಹಣ ಹಾಕುತ್ತಿದ್ದಳು. ಎಲ್ಲರೂ ಹಾಕಿದ ಹಣವನ್ನು ಪ್ರತಿ ತಿಂಗಳು ಚೀಟಿ ಎತ್ತಿ ಒಬ್ಬಳಿಗೆ ಕೊಡುತ್ತಾರೆ. ಅವಳ ಚೀಟಿ ಎದ್ದ ತಿಂಗಳೇ ನನ್ನ ಎಂ.ಬಿ.ಎ.ಯೂ ಎದ್ದಿತು.

"ಫೀ ಎಲ್ಲಿಂದ ಕಟ್ಟತೀರಿ?" ಎಂದಳು.

"ನಿನ್ನ ಭಿಶಿ ಬಂದೈತೆಲ್ಲ."

"ಅದು ನನ್ನ ಬಿ.ಎಡ್.ದ್ದು."

"ಹೌದಽ. ಆದ್ರ ಫೀ ಅಂದ್ರ ಖರ್ಚ ಅಲ್ಲ ನೋಡ. ಶಾಣ್ಯಾರಿಗೆ ಗೊತ್ತಿರತೈತಿ. ಟ್ಯಾಕ್ಸ್‌ನ್ಯಾಗ ಸರಕಾರ ತಿರಗಿ ಕೊಡತೈತಿ. ಮುಂದಿನ ವರ್ಷ ನಿನ್ನ ಅಡ್ಮಿಶನ್ ಬರೂದ್ರಾಗ ನಿನ್ನ ಕೈಯಾಗ ಇಡತೇನಿ."

"ಪೂರಾ?"

"ಪೂರಾ," ಎಂದೆ.

ನಾನು ಸುಳ್ಳು ಹೇಳಲಿಲ್ಲ. ಗೊತ್ತಿಲ್ಲದ್ದನ್ನು ಗೊತ್ತಿರುವವನ ದನಿಯಲ್ಲಿ ಹೇಳಿದೆ, ಅಷ್ಟೇ. ಮ್ಯಾನೇಜರ್ ಕೆಲಸದಲ್ಲಿ ಅದು ರೂಢಿಯಾಗಿರುತ್ತದೆ. ಪ್ರತಿ ವರ್ಷ ಮಗನ ಶಾಲೆಯ ಫೀ ರಸೀದಿಗಳನ್ನು ಸೀರೆ ಅಂಗಡಿಯ ಪ್ಲಾಸ್ಟಿಕ್ ಚೀಲದಲ್ಲಿ ಹಾಕಿ ಚೌಗುಲೆಯವರಿಗೆ ಕೊಡುತ್ತೇನೆ. ಅವರು ಕರ ಸಲಹೆಗಾರರು, ನನ್ನ ಟ್ಯಾಕ್ಸಿನ ಲೆಕ್ಕವೆಲ್ಲ ಅವರದೇ. ಮಗನ ಫೀಯನ್ನು ಟ್ಯಾಕ್ಸಿನಲ್ಲಿ ಬಿಡುತ್ತಾರೆ ಎಂಬುದು ಗೊತ್ತಿತ್ತು. ಎಷ್ಟು ಬಿಡುತ್ತಾರೆ, ಯಾಕೆ ಬಿಡುತ್ತಾರೆ ಎಂದು ಕೇಳುವುದು ಡಾಕ್ಟರರಿಗೆ ಗುಳಿಗೆಯಲ್ಲಿ ಏನಿದೆ ಎಂದು ಕೇಳಿದ ಹಾಗೆ ಅಂದುಕೊಂಡಿದ್ದೆ. ಮಗನ ಫೀಗೆ ಬಿಡುವವರು ಮಗನ ಅಪ್ಪನ ಫೀಗೆ ಬಿಡದೆ ಇರುತ್ತಾರೆಯೇ?

ಫೀ ಕಟ್ಟಲು ಹೋದ ದಿನ ಕಾಲೇಜಿನ ಅಂಗಳದಲ್ಲಿ ಬ್ಯಾಂಕಿನವನೊಬ್ಬ ಮೇಜು ಹಾಕಿಕೊಂಡು, ಶಿಕ್ಷಣ ಸಾಲ ಬೇಕೇ ಎಂದು ಬಂದವರನ್ನೆಲ್ಲ ಕೇಳುತ್ತಿದ್ದ. ನನ್ನನ್ನೂ ಕೇಳಿದ. ನಾನು ಅವನಿಗೆ ನಮ್ಮ ಮನೆತನದ ಚರಿತ್ರೆ ಹೇಳಿದೆ. ನಮ್ಮ ಅಪ್ಪ ಗಡಹಿಂಗ್ಲಜದಲ್ಲಿ ಅರಿವೆ ಅಂಗಡಿ ಇಟ್ಟಿದ್ದರು. ಗಲ್ಲಾಪೆಟ್ಟಿಗೆಯ ಮೇಲೆ 'ಉದ್ರಿ ಇಲ್ಲ' ಎಂದು ಬರೆದ ಪಾಟಿ ಹಾಕಿದ್ದರು. ಉದ್ರಿ ಕೊಡಲೂ ಇಲ್ಲ, ತರಲೂ ಇಲ್ಲ. ಹೀಗಾಗಿ ಅಂಗಡಿ ಎಷ್ಟು ಸಣ್ಣದಾಗಿ ಆರಂಭವಾಗಿತ್ತೋ ಅಷ್ಟೇ ಸಣ್ಣದಾಗಿ ಮುಚ್ಚಿತು. ಅಂಥವರ ಮಗನಿಗೆ ಸಾಲ ಕೊಡಲು ಬಂದಿದ್ದೀಯಲ್ಲ ಎಂದೆ. ಬ್ಯಾಂಕಿನವನು ಕ್ಷಮೆ ಕೇಳಿದ. ನಾನು ಎದೆಯುಬ್ಬಿಸಿ ಹೋಗಿ ಭಿಶಿಯ ಹಣವನ್ನು ಕೌಂಟರಿನಲ್ಲಿ ಎಣಿಸಿದೆ.

ಆ ಅಪ್ಪನ ಹೆಸರು ಬಸವರಾಜ. ನಮ್ಮಲ್ಲಿ ಅಜ್ಜ ತೀರಿಕೊಂಡ ಮೇಲೆ ಹುಟ್ಟಿದ ಮೊಮ್ಮಗನಿಗೆ ಅಜ್ಜನ ಹೆಸರನ್ನೇ ಇಡುತ್ತಾರೆ, ಹಾಗಾಗಿ ನನ್ನ ಮಗನೂ ಬಸವರಾಜ. ಇದರಿಂದ ಮನೆಯಲ್ಲಿ ಕೆಲವು ತೊಡಕುಗಳಿವೆ. ಸೊಸೆಯಾದವಳು ಮಾವನ ಹೆಸರು ಹಿಡಿಯಬಾರದು, ಆದ್ದರಿಂದ ಸುನಂದಾ ಮಗನನ್ನು ಮರಾಠಿಯವರಂತೆ 'ಬಾಳಾ' ಎನ್ನುತ್ತಾಳೆ. ಅಪ್ಪನ ಹೆಸರು ಹಿಡಿದು ಬೈಯಲು ನನಗೂ ಬಾಯಿ ಬರುವುದಿಲ್ಲ, ಆದ್ದರಿಂದ ನಾನು ಒಂಬತ್ತನೇ ತರಗತಿಯ ಹುಡುಗನನ್ನು 'ಅಪ್ಪಾ' ಎಂದು ಕರೆಯುತ್ತೇನೆ. ಅವನು ಗಣಿತದಲ್ಲಿ ಕಡಿಮೆ ಅಂಕ ತಂದಾಗ "ಹಿಂಗ್ಯಾಕ ಮಾಡಿದಿ ಅಪ್ಪಾ" ಎಂದು ನಾನು ಕೇಳುವುದನ್ನು ಹೊರಗಿನವರು ಯಾರಾದರೂ ಕೇಳಿಸಿಕೊಂಡರೆ ಏನೆಂದುಕೊಳ್ಳುತ್ತಾರೋ. ಕಾಗದದ ಮೇಲಂತೂ ತೊಡಕು ಇನ್ನೂ ಹೆಚ್ಚು. ಇಲ್ಲಿಯ ಪದ್ಧತಿಯಂತೆ ಮೊದಲು ತನ್ನ ಹೆಸರು, ಆಮೇಲೆ ತಂದೆಯ ಹೆಸರು. ನಾನು ಸದಾಶಿವ ಬಸವರಾಜ, ಮಗ ಬಸವರಾಜ ಸದಾಶಿವ. ಅವಸರದಲ್ಲಿ ನೋಡಿದರೆ ಇಬ್ಬರೂ ಒಬ್ಬನೇ.

ಲೆಕ್ಕ ಕೊಡುವ ಹೊತ್ತು ಬಂದಾಗ ಸುನಂದಾ ತಾನೂ ಬರುತ್ತೇನೆಂದಳು. ಅವಳ ಬಿ.ಎಡ್. ಅರ್ಜಿ ತುಂಬುವ ದಿನಗಳು ಹತ್ತಿರ ಬಂದಿದ್ದವು. ಜೊತೆಯ ಟೀಚರ್ ಒಬ್ಬರಿಂದ ಹಳೆಯ ಪುಸ್ತಕಗಳನ್ನು ತಂದು, ಕಂದು ಕಾಗದದ ಹೊದಿಕೆ ಹಾಕಿ, ಟಿ.ವಿ. ಪಕ್ಕದಲ್ಲಿ ಜೋಡಿಸಿಟ್ಟಿದ್ದಳು. ಕೂಸು ಹುಟ್ಟುವ ಮೊದಲೇ ಕುಲಾವಿ ಹೊಲಿದಳು ಎಂದು ನಗಬೇಡಿ. ಕೂಸು ಹುಟ್ಟೇ ಹುಟ್ಟುತ್ತದೆ ಎಂದು ಮಾತು ಕೊಟ್ಟವನು ನಾನು.

ಚೌಗುಲೆಯವರ ಆಫೀಸು ನೂಲಿನ ಅಂಗಡಿಯೊಂದರ ಮಾಳಿಗೆಯ ಮೇಲಿದೆ. ಅವರು ಚೀಲವನ್ನು ಮೇಜಿನ ಮೇಲೆ ಸುರುವಿ, ನನ್ನ ಎಂ.ಬಿ.ಎ. ರಸೀದಿಯನ್ನು ಎತ್ತಿ ಅವಸರದಲ್ಲಿ ಹೆಸರು ಓದಿದರು. ಮುಖ ಅರಳಿತು.

"ಶಾಬ್ಬಾಸ್ ರೀ ಸದಾಶಿವರಾವ್. ಹುಡುಗ ಎಂ.ಬಿ.ಎ.ಕ್ಕ ಹೋಗ್ಯಾನ? ಎಷ್ಟ ಲಗೂನ ದೊಡ್ಡಾವ ಆದ. ಮೊನ್ನಿ ಮೊನ್ನಿ ಅವನ ಬಾಲವಾಡಿ ಪಾವತಿ ನೋಡಿದಂಗ ಆಗತೈತಿ."

ಅವರು ಆ ರಸೀದಿಯನ್ನು ಮಗನ ರಸೀದಿಗಳ ಜೊತೆ ಸೇರಿಸಿ ಪಿನ್ ಹಾಕಲು ಹೊರಟರು. ನಾನು ಸುಮ್ಮನಿದ್ದೆ. ಆ ಒಂದು ಗಳಿಗೆಯಲ್ಲಿ ನನಗೆ ನಮ್ಮ ಹಿರಿಯರ ಮೇಲೆ ಬಹಳ ಗೌರವ ಹುಟ್ಟಿತು. ಅಜ್ಜನ ಹೆಸರು ಮೊಮ್ಮಗನಿಗೆ ಇಡುವ ಪದ್ಧತಿ ತಂದವರು ಇಂಥ ದಿನವನ್ನು ಮೊದಲೇ ಕಂಡಿರಬೇಕು ಅನ್ನಿಸಿತು. ಪಕ್ಕಕ್ಕೆ ತಿರುಗಿದೆ. ಸುನಂದಾ ನನ್ನನ್ನೇ ನೋಡುತ್ತಿದ್ದಳು. ಶಾಲೆಯಲ್ಲಿ ಪಕ್ಕದವನ ಪಾಟಿ ನೋಡಿ ಬರೆಯುವ ಮಗುವನ್ನು ನೋಡುವ ನೋಟ ಅದು.

"ಅದು ಹುಡುಗಂದಲ್ರಿ," ಎಂದೆ. "ನಂದು. ನಾನಽ ಓದಾಕತ್ತೇನಿ."

ಚೌಗುಲೆಯವರು ಕನ್ನಡಕ ತೆಗೆದರು. "ಯಾಕ್ರಿ? ತಬ್ಯೇತ್ ಬರೋಬರ್ ಐತಿ?"

ಐತಿ ಎಂದೆ. ಅವರು ಪಿನ್ ಬಿಚ್ಚಿ ನನ್ನ ರಸೀದಿಯನ್ನು ಬೇರೆ ಮಾಡಿ ನನ್ನ ಕಡೆ ಸರಿಸಿದರು. "ಮಕ್ಕಳ ಫೀ ನಡೀತೈತ್ರಿ. ಅದೂ ಇಬ್ಬರದ ಅಷ್ಟ. ತನ್ನ ಸ್ವಂತದ್ದು ನಡ್ಯಾಂಗಿಲ್ಲ. ಹೆಂಡತಿದೂ ನಡ್ಯಾಂಗಿಲ್ಲ."

"ಯಾಕ ನಡ್ಯಾಂಗಿಲ್ಲ? ದುಡದ ರೊಕ್ಕದಾಗ ಕಟ್ಟೇನಿ."

"ಕಾಯದೇ ಮಾಡಿದವರಿಗೆ ಅಪ್ಪನೂ ಓದತಾನ ಅಂತ ಹೊಳದಿಲ್ಲ ಕಾಣತೈತ್ರಿ. ಬ್ಯಾಸರಾತಂದ್ರ ಟ್ಯಾಕ್ಸಿನ ಹೊಸ ಪದ್ಧತಿಗೆ ಬರ್ರಿ. ಅದರಾಗ ಹುಡುಗಂದೂ ನಡ್ಯಾಂಗಿಲ್ಲ. ಎಲ್ಲಾರೂ ಸಮಾನ."

ದುಡಿದು ಎಂದೆನಲ್ಲ, ಅದು ಯಾರು ದುಡಿದದ್ದು ಎಂದು ಸುನಂದಾ ಕೇಳಬಹುದಿತ್ತು. ಕೇಳಲಿಲ್ಲ. ಅವಳು ಬೇರೆಯದನ್ನು ಕೇಳಿದಳು.

"ಅಣ್ಣಾರ, ನಡೀತಿತ್ತು ಅಂದ್ರೂ ಫೀ ಪೂರಾ ತಿರಗಿ ಬರತಿತ್ತೇನ್ರಿ?"

"ಪೂರಾ?" ಚೌಗುಲೆಯವರು ಮೊದಲು ಅವಳನ್ನು, ಆಮೇಲೆ ನನ್ನನ್ನು ನೋಡಿದರು. "ಅಕ್ಕಾರ, ವಜಾ ಅಂದ್ರ ಅಷ್ಟ ರೊಕ್ಕದ ಮ್ಯಾಲಿನ ಟ್ಯಾಕ್ಸ್ ಉಳೀತೈತಿ. ನೂರಕ್ಕ ಇಪ್ಪತ್ತ ರೂಪಾಯಿ ಹಿಡೀರಿ. ಪೂರಾ ಕೊಡಾಕ ಸರಕಾರ ಏನ್ ಇವರ ಸೋದರಮಾವನ?"

ನನ್ನ ಸೋದರಮಾವನೂ ಕೊಡುವವರಲ್ಲ, ಆ ಮಾತು ಬೇರೆ. ಚೌಗುಲೆಯವರು ನನ್ನ ಮುಖ ನೋಡಿ ಕನಿಕರದಿಂದ ಇನ್ನೊಂದು ಮಾತು ಸೇರಿಸಿದರು. ಬ್ಯಾಂಕಿನಿಂದ ಶಿಕ್ಷಣ ಸಾಲ ತೆಗೆದಿದ್ದರೆ ಅದರ ಬಡ್ಡಿಯಷ್ಟೂ ವಜಾ ಆಗುತ್ತಿತ್ತಂತೆ. ಅಲ್ಲಿ ತನ್ನ ಓದೂ ನಡೆಯುತ್ತದೆ, ಹೆಂಡತಿಯ ಓದೂ ನಡೆಯುತ್ತದೆ. ಸಾಲ ಮಾಡಿ ಓದುವವನು ಸರಕಾರದ ಕಣ್ಣಿಗೆ ಕಾಣುತ್ತಾನೆ, ಕೈಯಿಂದ ಕಟ್ಟಿ ಓದುವವನು ಕಾಣುವುದಿಲ್ಲ. ಅಪ್ಪನ 'ಉದ್ರಿ ಇಲ್ಲ' ಪಾಟಿಯನ್ನು ನಾನು ಮೊದಲ ಸಲ ಅನುಮಾನದಿಂದ ನೆನೆದೆ.

ಮನೆಗೆ ಬಂದ ಮೇಲೆ ಸುನಂದಾ ಬೈಯಲಿಲ್ಲ. ಬೈದಿದ್ದರೆ ನಾನೂ ಎರಡು ಮಾತು ಆಡಿ ಗೆಲ್ಲದಿದ್ದರೂ ಹಗುರಾಗುತ್ತಿದ್ದೆ. ಅವಳು ಕುರ್ಚಿ ಹಾಕಿಕೊಂಡು, ಆ ಹೊದಿಕೆ ಹಾಕಿದ ಪುಸ್ತಕಗಳನ್ನು ಕಪಾಟಿನ ಮೇಲೆ, ಹಬ್ಬದ ದೊಡ್ಡ ಪಾತೆಲಿಗಳ ಹಿಂದೆ ಇಟ್ಟಳು. ನಾನು ಕುರ್ಚಿ ಹಿಡಿದು ನಿಂತಿದ್ದೆ. ನನಗೆ ನಿಜವಾಗಿ ನಾಚಿಕೆಯಾಯಿತು.

ಅದೇ ತಿಂಗಳು ನನ್ನ ಪರೀಕ್ಷೆ. ಟ್ಯಾಕ್ಸಿನ ಪತ್ರಿಕೆಯಲ್ಲಿ, ಶಿಕ್ಷಣಕ್ಕೆ ಸಂಬಂಧಿಸಿದ ಕರ ವಿನಾಯಿತಿಗಳನ್ನು ಸಂಕ್ಷಿಪ್ತವಾಗಿ ಬರೆಯಿರಿ ಎಂಬ ಸಣ್ಣ ಪ್ರಶ್ನೆ ಬಂದಿತ್ತು. ಇಡೀ ಕೋಣೆಯಲ್ಲಿ ಇದರ ಉತ್ತರವನ್ನು ಅನುಭವಿಸಿ ತಿಳಿದವನು ನಾನೊಬ್ಬನೇ. ಸಂಕ್ಷಿಪ್ತ ಎಂಬ ಮಾತು ಮರೆತುಹೋಯಿತು. ಕಾಯಿದೆ ಏನು ಹೇಳುತ್ತದೆ ಎಂಬುದನ್ನು ಬೇಗ ಮುಗಿಸಿ, ಏನು ಹೇಳಬೇಕಾಗಿತ್ತು ಎಂಬುದನ್ನು ವಿವರವಾಗಿ ಬರೆದೆ. ಪುರವಣಿ ಕೇಳಿ ಪಡೆದೆ. ಭಿಶಿ ಎಂದರೇನು ಎಂಬುದಕ್ಕೆ ಒಂದು ಟಿಪ್ಪಣಿ ಹಾಕಿದೆ. ತಲೆಯೆತ್ತಿದಾಗ ಉಳಿದ ಪ್ರಶ್ನೆಗಳು ಹಾಗೇ ಇದ್ದವು, ಗಂಟೆ ಬಾರಿಸುತ್ತಿದ್ದರು. ಉಳಿದೆಲ್ಲ ವಿಷಯಗಳಲ್ಲಿ ಪಾಸಾದೆ.

ಫಲಿತಾಂಶದ ದಿನ ಸುನಂದಾ ಅಂಕಪಟ್ಟಿಯನ್ನು ಮೇಲಿನಿಂದ ಕೆಳಗೆ ಓದಿ ಮಡಿಚಿಟ್ಟು, "ನಾಳೆ ಬ್ಯಾಂಕಿಗೆ ಹೋಗೂಣು," ಎಂದಳು. "ಚೌಗುಲೆ ಅಣ್ಣಾರು ಹೇಳಿದ್ದ ನಾನೂ ಕೇಳೇನಿ. ನನ್ನ ಬಿ.ಎಡ್.ಕ್ಕ ಸಾಲ ತಗೊಳ್ಳೂಣು. ನೀವು ಕಟ್ರಿ, ಬಡ್ಡಿ ನಿಮ್ಮ ಟ್ಯಾಕ್ಸ್‌ನ್ಯಾಗ ವಜಾ ಆಗಲಿ."

"ನಮ್ಮ ಮನಿತನದಾಗ ಇಲ್ಲೀತನಕ ಯಾರೂ ಸಾಲ—"

"ಖರೆ. ಯಾರೂ ಮಾಡಿಲ್ಲ. ನನ್ನ ಭಿಶಿ ರೊಕ್ಕಕ್ಕ ಏನಂತೀರಿ?"

ಬ್ಯಾಂಕಿಗೆ ಹೋದೆವು. ಮೇಜಿನ ಆಚೆ ಕುಳಿತಿದ್ದವನು ಕಾಲೇಜಿನ ಅಂಗಳದ ಅದೇ ಮನುಷ್ಯ. ಅವನಿಗೆ ನಮ್ಮ ಮನೆತನದ ಚರಿತ್ರೆ ನೆನಪಿತ್ತು. "ತಂದಿಯವರ ಪಾಟಿ ಇಳಿಸಿದ್ರೇನ್ರಿ?" ಎಂದು ಕೇಳಿ ನನಗೊಂದು ಪೆನ್ನು ಕೊಟ್ಟ. ಅವನು ತೋರಿಸಿದಲ್ಲೆಲ್ಲ ಸಹಿ ಮಾಡಿದೆ. ಆ ಸಂಜೆ ಕಪಾಟಿನ ಮೇಲಿನ ಪುಸ್ತಕಗಳನ್ನು ಇಳಿಸಿಕೊಟ್ಟವನು ನಾನೇ. ಹೊದಿಕೆಗೆ ಧೂಳು ಕುಳಿತಿತ್ತು, ಅದನ್ನೂ ನಾನೇ ಒರೆಸಿದೆ.

ಮರುವರ್ಷ ಇಬ್ಬರೂ ಚೀಲದೊಂದಿಗೆ ಮಾಳಿಗೆ ಹತ್ತಿದೆವು. ಮಗನ ರಸೀದಿ, ಬ್ಯಾಂಕಿನ ಬಡ್ಡಿಯ ಪತ್ರ ಎಲ್ಲ ಸರಿಯಾಗಿತ್ತು. ಚೌಗುಲೆಯವರು ಖುಷಿಯಲ್ಲಿ ಚಹಾ ತರಿಸಿದರು. ಆಮೇಲೆ ಚೀಲದ ತಳದಿಂದ ಇನ್ನೊಂದು ರಸೀದಿ ಹೊರಬಂತು. ನನ್ನ ಟ್ಯಾಕ್ಸಿನ ಪತ್ರಿಕೆಯ ಮರುಪರೀಕ್ಷೆಗೆ ಕಟ್ಟಿದ್ದು. ರೂಢಿಬಲದಿಂದ ಹಾಕಿಬಿಟ್ಟಿದ್ದೆ.

"ಇದು ಹುಡುಗಂದೇನ್ರಿ?" ಎಂದರು ಚೌಗುಲೆಯವರು.

ನಾನು ಬಾಯಿ ತೆರೆಯುವ ಮೊದಲೇ ಸುನಂದಾ ಹೇಳಿದಳು. "ಹೌದ್ರಿ ಅಣ್ಣಾರ. ದೊಡ್ಡ ಹುಡುಗಂದು. ಟ್ಯಾಕ್ಸ್‌ನ್ಯಾಗ ಫೇಲ್ ಆಗ್ಯಾನ."

ಚೌಗುಲೆಯವರಿಗೆ ಅರ್ಥವಾಯಿತು. ನಗದೆ, ರಸೀದಿಯನ್ನು ನನ್ನ ಕಡೆ ಸರಿಸಿದರು. "ಹಂಗಾದ್ರ ಅವಗೊಂದ ಟ್ಯೂಷನ್ ಹಚ್ರಿ. ಆದ್ರ ಟ್ಯೂಷನ್ ಫೀ ವಜಾ ಆಗಾಂಗಿಲ್ಲ, ಈಗಽ ಹೇಳಿರತೇನಿ."

ಟ್ಯೂಷನ್ ಹಚ್ಚಿಯಾಗಿದೆ. ಸಂಜೆ ಊಟದ ಮೇಜಿನ ಒಂದು ಬದಿಗೆ ಮಗ ಗಣಿತ ಮಾಡುತ್ತಾನೆ, ಇನ್ನೊಂದು ಬದಿಗೆ ನಾನು ಟ್ಯಾಕ್ಸ್ ಓದುತ್ತೇನೆ, ನಡುವೆ ಸುನಂದಾ ತನ್ನ ಬಿ.ಎಡ್. ಪುಸ್ತಕ ಹಿಡಿದು ಇಬ್ಬರನ್ನೂ ನೋಡಿಕೊಳ್ಳುತ್ತಾಳೆ. ಉತ್ತರ ಉದ್ದವಾದರೆ ಕೆಂಪು ಪೆನ್ನಿನಿಂದ ಅಡ್ಡಗೆರೆ ಎಳೆಯುತ್ತಾಳೆ. ಚೆನ್ನಾಗಿಯೇ ಕಲಿಸುತ್ತಾಳೆ. ಮೊನ್ನೆ ನಾನು ತಮಾಷೆಗೆ, ನಿನ್ನ ಫೀ ಎಷ್ಟು ಟೀಚರ್ ಎಂದು ಕೇಳಿದೆ.

"ಭಿಶಿದಷ್ಟ," ಎಂದಳು, ಪುಸ್ತಕದಿಂದ ತಲೆಯೆತ್ತದೆ. "ಪೂರಾ."