ಘೋಡ್‌ಬಂದರ್ ರಸ್ತೆಯ ಅಸಲಿ ಹಬ್ಬ

ಆಯುಧಪೂಜೆಯ ದಿನ ಆಫೀಸಿನಲ್ಲಿ ಹಂಚಿದ ಪೇಢೆಯನ್ನು ಬಾಯಿಗೆ ಹಾಕಿಕೊಂಡು ಸುಮ್ಮನೆ ಅಗಿಯುತ್ತಿದ್ದರೆ ಶೇಖರನಿಗೆ ಯಾವ ತೊಂದರೆಯೂ ಬರುತ್ತಿರಲಿಲ್ಲ. ಆದರೆ ಬಾಯಿ ತುಂಬಿದ್ದಾಗಲೂ ಮಾತಾಡುವ ಚಟ ಅವನದು.

ಅಂಧೇರಿಯ ಆ ಹಲ್ಲುಪುಡಿ ಕಂಪನಿಗೆ ಚನ್ನಬಸಯ್ಯನವರು ಮ್ಯಾನೇಜರಾಗಿ ಬಂದು ಹೆಚ್ಚು ದಿನವಾಗಿರಲಿಲ್ಲ. ಧಾರವಾಡದ ಕಡೆಯವರು, ಬಹಳ ವರ್ಷ ದಿಲ್ಲಿಯಲ್ಲಿದ್ದು ಬಂದಿದ್ದರು. ಅವರ ಹೆಂಡತಿ ವಿನೋದಿನಿ ಹುಟ್ಟಿ ಬೆಳೆದದ್ದೇ ದಿಲ್ಲಿಯಲ್ಲಿ. ಆಕೆಗೆ ಕನ್ನಡ ಅರ್ಥವಾಗುತ್ತಿತ್ತು. ಆಡಲು ಹೊರಟರೆ ಮಾತ್ರ ಮಳೆಗಾಲದ ಲೋಕಲ್‌ನ ಹಾಗೆ ನಡುನಡುವೆ ನಿಂತುಬಿಡುತ್ತಿತ್ತು. ಆಕೆಗಿದ್ದ ಹುಚ್ಚು ಒಂದೇ: ಹಳ್ಳಿಯ ಹಬ್ಬ, ಹಳ್ಳಿಯ ಮಡಕೆ, ಹಳ್ಳಿಯ ವಾದ್ಯ.

ಪೂಜೆಗೆ ಬಂದ ವಿನೋದಿನಿ ಗುಮಾಸ್ತರ ಕಡೆ ತಿರುಗಿ ಕೇಳಿದರು: "ಇಲ್ಲಿ ಬಾಂಬೆ ಕೆ ಆಸ್‌ಪಾಸ್... ಹಳ್ಳಿ ಹಬ್ಬ... ಅಸಲಿ ವಾಲಾ... ಇದೆ ಕ್ಯಾ?"

ಎಲ್ಲರೂ ಪೇಢೆ ನೋಡಿಕೊಂಡು ನಿಂತರು. ಶೇಖರ ಮಾತ್ರ ತನ್ನದನ್ನು ಗುಳುಕ್ಕನೆ ನುಂಗಿ, "ಉಂಟು ಮೇಡಂ! ಬೇಕಾದಷ್ಟು ಉಂಟು. ಈ ಸುತ್ತಿನ ಹಳ್ಳಿಯೆಲ್ಲ ನನಗೆ ಅಂಗೈ ಇದ್ದ ಹಾಗೆ" ಅಂದುಬಿಟ್ಟ.

ಉಡುಪಿಯಿಂದ ಬಸ್ಸು ಹತ್ತಿ ಬಂದವನು ಈ ಊರಲ್ಲಿ ನೋಡಿದ್ದು ಅಂಧೇರಿಯಿಂದ ಚರ್ಚ್‌ಗೇಟಿನವರೆಗೆ ಮಾತ್ರ. ಅದೂ ಲೋಕಲ್‌ನಲ್ಲಿ, ಬೇರೆಯವರ ಕಂಕುಳ ಸಂದಿಯಿಂದ. ಆದರೆ ಆಗ ಆಫೀಸಿನಲ್ಲಿ ಎರಡು ಜಾಗ ಖಾಲಿ ಇದ್ದವು. ಒಂದು, ಫ್ಯಾನಿನ ಕೆಳಗಿನ ಹೆಡ್‌ಕ್ಲಾರ್ಕ್ ಕುರ್ಚಿ. ಅದರ ಮೇಲೆ ಶೇಖರನಿಗೂ ಪಕ್ಕದ ಮೇಜಿನ ಈರಣ್ಣನಿಗೂ ಕಣ್ಣಿತ್ತು. ಇನ್ನೊಂದು, ಹಲ್ಲುಪುಡಿಯ ಚೀಲ ಹೊತ್ತು ಹಳ್ಳಿಹಳ್ಳಿ ಸುತ್ತುವ ಟೂರಿಂಗ್ ಕೆಲಸ. ಹಿಂದೆ ಅದನ್ನು ಮಾಡುತ್ತಿದ್ದವನು ನಾಯಿ ಕಚ್ಚಿಸಿಕೊಂಡು, ಮಲೇರಿಯಾ ಹಿಡಿಸಿಕೊಂಡು ರಾಜೀನಾಮೆ ಕೊಟ್ಟಿದ್ದ. ಟೂರಿಂಗ್ ಎಂಬ ಮಾತು ಕಿವಿಗೆ ಬಿದ್ದರೆ ಸಾಕು, ಇಡೀ ಆಫೀಸಿಗೆ ಕೆಮ್ಮು ಬರುತ್ತಿತ್ತು.

"ಭೇಷ್!" ಅಂದರು ಚನ್ನಬಸಯ್ಯ. "ನಾಳೆ ದಸರಾ ಸೂಟಿ ಅದ. ನನ್ನ ಕಾರ್ ತಗೊಂಡು ಹೋಗೋಣು. ದಾರಿ ನೀ ತೋರ್ಸು. ನೀ ಎಂಥಾ ಮನಷ್ಯಾ ಅನ್ನೂದೂ ತಿಳೀತದ."

ಸಂಜೆ ಚಾಳಿನ ಖೋಲಿಯಲ್ಲಿ ಶೇಖರನ ಹೆಂಡತಿ ಅಕ್ಕು ತಲೆಗೆ ಕೈ ಇಟ್ಟು ಕೂತಳು. "ನಿಮಗೆ ಯಾವ ಹಳ್ಳಿ ಗೊತ್ತುಂಟು? ಮೊನ್ನೆ ಮಲಾಡ್‌ಗೆ ಹೋಗ್ತೇನೆ ಅಂತ ಹೊರಟು ದಾದರ್ ಮುಟ್ಟಿದ ಜನ ನೀವು."

ಚಾಳಿನಲ್ಲಿ ಎರಡು ಖೋಲಿಗಳ ನಡುವೆ ಇರುವುದು ಹಲಗೆ. ಆ ಹಲಗೆಯ ಆಚೆಯಿಂದಲೇ ಉತ್ತರ ಬಂತು: "ನಾನಿದ್ದೇನಲ್ಲ ಮಾರಾಯ್ರೆ!" ಮರುಕ್ಷಣ ಪಕ್ಕದ ಖೋಲಿಯ ದೂಜ ಕರೆಯದೆಯೇ ಒಳಗೆ ಬಂದು ಚಾಪೆಯ ಮೇಲೆ ಕೂತಿದ್ದ. ಅವನು ಗ್ರಾಂಟ್ ರೋಡಿನ ಉಡುಪಿ ಹೋಟೆಲಿನಲ್ಲಿ ದೋಸೆ ಹೊಯ್ಯುವವನು. ಊರಲ್ಲಿದ್ದಾಗ ನಾಟಕದಲ್ಲಿ ಎರಡು ಸಲ ರಾಕ್ಷಸನಾಗಿದ್ದ.

"ಹಬ್ಬ ಸಿಗದಿದ್ರೆ ಮಾಡಿದ್ರಾಯ್ತು. ನಾಳೆ ನಮ್ಮ ಹೋಟೆಲ್ ಬಂದ್. ಅಡಿಗೆಯವರು, ಸಪ್ಲೈಯರ್‌ನವರು ಎಲ್ಲ ಖಾಲಿ ಕೂತಿರ್ತಾರೆ. ಘೋಡ್‌ಬಂದರ್ ರೋಡಲ್ಲಿ ಎಡಕ್ಕೆ ಒಂದು ಮಣ್ಣಿನ ದಾರಿ ಉಂಟು, ಒಳಗೆ ದೊಡ್ಡ ಹುಣಸೆಮರ. ನಮ್ಮ ಶೇಟ್ರು ಸೌದೆ ತರಿಸೋದು ಅಲ್ಲಿಂದಲೇ. ತರಕಾರಿ ಟೆಂಪೋದಲ್ಲಿ ಬೆಳಿಗ್ಗೆಯೇ ಹೋಗಿ ಕುಣೀತಾ ಇರ್ತೇವೆ. ನೀವು ಸಾಹೇಬರನ್ನು ಕರ್ಕೊಂಡು ಬನ್ನಿ, ಸಾಕು."

"ಗುರುತು ಹಿಡಿದ್ರೆ?"

"ಮುಖಕ್ಕೆ ಮಸಿ, ಸೊಂಟಕ್ಕೆ ಮೇಜಿನ ಬಟ್ಟೆ. ನನ್ನ ಅಮ್ಮ ಬಂದ್ರೂ ಗುರುತು ಸಿಗ್ಲಿಕ್ಕಿಲ್ಲ!"

ಮರುದಿನ ಚೆಂಡುಹೂವಿನ ಮಾಲೆ ಹಾಕಿಕೊಂಡ ಅಂಬಾಸಡರ್ ಹೊರಟಿತು. ಸಾಹೇಬರೇ ಓಡಿಸುತ್ತಿದ್ದರು. ಹಿಂದೆ ವಿನೋದಿನಿ ಟೇಪ್‌ರೆಕಾರ್ಡರನ್ನು ಕೈಕೂಸಿನ ಹಾಗೆ ತೊಡೆಯ ಮೇಲೆ ಮಲಗಿಸಿಕೊಂಡಿದ್ದರು. ಮಳೆ ಮುಗಿದು ರಸ್ತೆಯ ಎರಡೂ ಬದಿಯ ಹುಲ್ಲು ಹೊಂಬಣ್ಣಕ್ಕೆ ತಿರುಗಿತ್ತು. ಶೇಖರ ಅದನ್ನು ನೋಡಲಿಲ್ಲ. ಅವನ ಕಣ್ಣೆಲ್ಲ ಎಡಗಡೆಯ ಮಣ್ಣಿನ ದಾರಿಗಳ ಮೇಲಿತ್ತು, ಅವು ಒಂದೆರಡಲ್ಲ.

ಅಷ್ಟರಲ್ಲಿ ಎಲ್ಲಿಂದಲೋ ಬ್ಯಾಂಡಿನ ಸದ್ದು ಕೇಳಿ ವಿನೋದಿನಿ, "ಯೇ ಕ್ಯಾ ಹೈ?" ಅಂದರು.

"ನವರಾತ್ರಿಯ ಪುರಾತನ ವಾದ್ಯ ಮೇಡಂ" ಅಂದ ಶೇಖರ, ತಿರುಗಿಯೂ ನೋಡದೆ.

ಕಾರು ನಿಂತಿತು. ಮೈಕು ಹೊರಬಂತು. ಹತ್ತಿರ ಹೋದರೆ ಅದು ಹೊಸ ಟೈರ್ ಅಂಗಡಿಯ ಉದ್ಘಾಟನೆ. ಕಾರಿನಲ್ಲಿ ಬಂದವರೆಂದು ಅಂಗಡಿಯವನು ಓಡಿ ಬಂದು ಸಾಹೇಬರ ಕೊರಳಿಗೆ ಹಾರ ಹಾಕಿ, ಹಿಂದಿನ ಎರಡು ಟೈರ್ ಪೂರಾ ಸವೆದಿವೆಯೆಂದು ಗಾಬರಿ ಹುಟ್ಟಿಸಿ ಕಳಿಸಿದ. ಸಾಹೇಬರು ಆ ಹಾರವನ್ನು ಕೊರಳಿಂದ ತೆಗೆದು ಶೇಖರನ ತೊಡೆಯ ಮೇಲೆ ಹಾಕಿದರು.

ಆ ಹಾರದ ಭಾರ ತಡೆಯಲಾರದೆ ಶೇಖರ ಮುಂದೆ ಸಿಕ್ಕ ಮಣ್ಣಿನ ದಾರಿಗೇ ಕೈ ತೋರಿಸಿದ. ಒಳಗೆ ಹೋಗುತ್ತಿದ್ದಂತೆ ದೊಡ್ಡದೊಂದು ಮರ, ಅದರ ಕೆಳಗೆ ಜನ, ಮಡಕೆ, ಡೋಲು, ಕುಣಿತ! ಶೇಖರನಿಗೆ ಹೋದ ಜೀವ ಬಂದ ಹಾಗಾಯಿತು. ಆ ಸಂತೋಷದಲ್ಲಿ ಅವನು ಒಂದು ಸಣ್ಣ ಸಂಗತಿ ಗಮನಿಸಲಿಲ್ಲ. ಅದು ಹುಣಸೆಮರವಲ್ಲ, ಆಲದ ಮರ.

ಮರದ ಬುಡದಲ್ಲಿ ಸಿಂಧೂರ ಮೆತ್ತಿದ ದೇವಿಯ ಕಲ್ಲು. ಒಂದು ಕಡೆ ಕುಂಬಾರನೊಬ್ಬ ಚಕ್ರ ತಿರುಗಿಸುತ್ತಿದ್ದ. ಅವನ ಬೆರಳ ನಡುವೆ ಮಣ್ಣು ತಾನಾಗಿ ಎದ್ದು ನಿಂತು ಗಡಿಗೆಯಾಗುತ್ತಿತ್ತು. ನಡುವೆ ಬಿಳಿಮೀಸೆಯ ಮುದುಕನೊಬ್ಬ ತಾರ್ಪಾ ಊದುತ್ತಿದ್ದ. ಸೋರೆಬುರುಡೆಗೆ ತಾಳೆಗರಿಯ ಉದ್ದನೆಯ ಕೊಳವೆ ಜೋಡಿಸಿದ ವಾದ್ಯ ಅದು. ಅವನ ಸುತ್ತ ಗಂಡಸರು ಹೆಂಗಸರು ಒಬ್ಬರ ಸೊಂಟ ಒಬ್ಬರು ಬಳಸಿ ಹಾವಿನ ಹಾಗೆ ಸುತ್ತುತ್ತಿದ್ದರು.

'ಎಲಾ ದೂಜ! ಹೆಂಗಸರನ್ನು ಬೇರೆ ತಂದಿದ್ದಾನೆ!' ಎಂದು ಶೇಖರ ಮನಸ್ಸಿನಲ್ಲೇ ಶಹಬ್ಬಾಸ್ ಕೊಟ್ಟ. ಹೋಟೆಲಿನವರಲ್ಲಿ ಅವನಿಗೆ ದೂಜನ ಹೊರತು ಯಾರ ಪರಿಚಯವೂ ಇರಲಿಲ್ಲ.

ಆದರೆ ಮುದುಕನ ಮೀಸೆ ಒಂದು ಬದಿಗೆ ವಾಲಿದಂತೆ ಕಂಡಿತು. ಸಾಹೇಬರ ಕಣ್ಣಿಗೆ ಬಿದ್ದರೆ ಗತಿಯೇನು? ಶೇಖರ ಮೆಲ್ಲನೆ ಹತ್ತಿರ ಹೋಗಿ, "ಮೀಸೆ ಜಾರ್ತಾ ಉಂಟು, ಗೋಂದು ಕಮ್ಮಿ ಆಗಿದೆ" ಎಂದು ಪಿಸುಗುಟ್ಟಿ, ಮೀಸೆಯನ್ನು ಹಿಡಿದು ಸರಿಯಾಗಿ ಒಂದು ಸಲ ಎಳೆದು ಕೂರಿಸಿದ. ಮುದುಕ ಕಿರುಚಿದ. ಅವನ ಬಾಯಲ್ಲಿದ್ದ ತಾರ್ಪಾ ಅವನಿಗಿಂತ ಜೋರಾಗಿ ಕಿರುಚಿತು. ವಿನೋದಿನಿ ಅದನ್ನೂ ಟೇಪ್ ಮಾಡಿಕೊಂಡರು.

ಅಷ್ಟರಲ್ಲಿ ಪೂಜಾರಿಯ ಮೈಮೇಲೆ ದೇವಿ ಬಂದಳು. ಕೂದಲು ಬಿಚ್ಚಿ, ಗಡಗಡ ನಡುಗುತ್ತ ಅವನು ಕುಣಿಯತೊಡಗಿದ. ಇದು ಸ್ವಲ್ಪ ಜಾಸ್ತಿಯಾಯಿತು ಅನ್ನಿಸಿತು ಶೇಖರನಿಗೆ. "ಅರೆ, ಓವರ್ ಆ್ಯಕ್ಟಿಂಗ್ ಮತ್ ಕರೋ!" ಎಂದು ಗದರಿಸಿದ. ಉತ್ತರವಾಗಿ ಬೇವಿನ ಕೊಂಬೆ ಅವನ ಬೆನ್ನಿನ ಮೇಲೆ ಚಟೀರೆಂದು ಬಿತ್ತು, ಒಂದು ಸಲವಲ್ಲ, ನಾಲ್ಕಾರು ಸಲ.

ಊರಿನವರು ಒಳ್ಳೆಯ ಜನ. ಪಾಪ, ಪಟ್ಟಣದವನಿಗೆ ಬಿಸಿಲು ತಲೆಗೇರಿದೆ ಎಂದು ಅವನನ್ನು ಚಾಪೆಯ ಮೇಲೆ ಕೂರಿಸಿ, ಪುಟ್ಟ ಮಡಕೆಯಲ್ಲಿ ತಂಪಾದ ತಾಡಿ, ಅಂದರೆ ತಾಳೆಯ ಕಳ್ಳು, ಕೊಟ್ಟರು. ಬೆನ್ನುರಿಯಲ್ಲಿ ಶೇಖರ ಏನೆಂದೂ ನೋಡದೆ ಕುಡಿದ. ಕುಡಿದು, ಈ ನಾಟಕದ ಯಜಮಾನನಿಗೆ ನಾಲ್ಕು ಮಾತು ಹೇಳಬೇಕೆಂದು ಸುತ್ತ ನೋಡಿ, "ದೂಜ? ದೂಜ ಕಿಧರ್ ಹೈ?" ಎಂದು ಕೇಳಿದ.

ಆ ಕಡೆಯ ಮಾತಿನಲ್ಲಿ ದೂಜಾ ಅಂದರೆ ಎರಡನೆಯದು. ಅತಿಥಿಗೆ ರುಚಿ ಹತ್ತಿತೆಂದು ಹಿಗ್ಗಿ, ಅವರು ಎರಡನೆಯ ಮಡಕೆ ತಂದರು. "ಇದಲ್ಲ, ದೂಜ, ದೂಜ!" ಎಂದು ಶೇಖರ ಕೈ ಆಡಿಸಿದಷ್ಟೂ ಮಡಕೆಗಳು ಬಂದವು. ಕೊಟ್ಟದ್ದನ್ನು ಚೆಲ್ಲುವ ಹಾಗಿಲ್ಲ, ದೇವಿಯ ಪ್ರಸಾದ. ಕೊನೆಗೆ ಕುಣಿಯುವವರೇ ಅವನನ್ನು ಎತ್ತಿ ತಮ್ಮ ಸಾಲಿಗೆ ಸೇರಿಸಿಕೊಂಡರು. ಹೊರಗೆ ಬಂದಾಗ ಅವನ ಒಂದು ಕಾಲಲ್ಲಿ ಚಪ್ಪಲಿ ಇರಲಿಲ್ಲ, ಅಂಗಿಗೆ ಗುಂಡಿ ಇರಲಿಲ್ಲ. ಎದುರಿಗೆ ಇಬ್ಬರು ಸಾಹೇಬರು ನಿಂತಿದ್ದರು, ಇಬ್ಬರಿಗೂ ಸಿಟ್ಟು ಬಂದಿತ್ತು.

"ಕಾರ್ ಹತ್ತು" ಅಂದರು ಇಬ್ಬರೂ.

ಕಾರು ಮುಖ್ಯರಸ್ತೆಗೆ ಬಂದು ಇನ್ನೂ ವೇಗ ಹಿಡಿದಿರಲಿಲ್ಲ. ಮುಂದಿನ ಮಣ್ಣಿನ ದಾರಿಯ ಬಾಯಲ್ಲಿ, ಸೊಂಟಕ್ಕೆ ಚೌಕುಳಿಯ ಮೇಜಿನ ಬಟ್ಟೆ, ತಲೆಗೆ ಬಾಳೆಲೆಯ ತುರಾಯಿ, ಮುಖಕ್ಕೆ ಬಾಣಲೆಯ ಮಸಿ ಬಳಿದುಕೊಂಡ ಒಬ್ಬ ಆಸಾಮಿ ಹುಬ್ಬಿಗೆ ಕೈ ಹಿಡಿದು ದಾರಿ ಕಾಯುತ್ತಿದ್ದ. ಕಾರು ಕಂಡದ್ದೇ ತಡ, "ಹುಯ್ಯೋ!" ಎಂದು ಕೂಗಿ ಒಳಗೆ ಓಡಿದ.

ಶೇಖರನ ತಲೆಗೇರಿದ್ದ ತಾಡಿ ಒಂದೇ ಸಲಕ್ಕೆ ಹಿಮ್ಮಡಿಗೆ ಇಳಿಯಿತು. ಇವನು ದೂಜ. ಹಾಗಾದರೆ ಅಲ್ಲಿದ್ದವರು ಯಾರು? ತಾನು ಎಳೆದದ್ದು ಯಾರ ಮೀಸೆ?

"ರೋಕೋ!" ಎಂದು ವಿನೋದಿನಿ ಚೀರಿದರು.

"ಬೇಡ ಮೇಡಂ, ಅದು ಏನೂ ಇಲ್ಲ..." ಎಂದ ಶೇಖರನ ಮಾತನ್ನು ಕಾರೂ ಕೇಳಲಿಲ್ಲ.

ಹುಣಸೆಮರದ ಕೆಳಗೆ ಗ್ರಾಂಟ್ ರೋಡ್ ಹೋಟೆಲು ಕುಣಿಯುತ್ತಿತ್ತು. ಇಡ್ಲಿ ಪಾತ್ರೆ ಬೋರಲು ಹಾಕಿ ಇಬ್ಬರು ಸೌಟಿನಿಂದ ಬಾರಿಸುತ್ತಿದ್ದರು. ಮಡಕೆ ಮಾಡಬೇಕಾಗಿದ್ದ ವಡೆಯವನು ಅಭ್ಯಾಸಬಲದಿಂದ ಮಣ್ಣಿನ ಉಂಡೆಯನ್ನು ಬಾಳೆಲೆಯ ಮೇಲೆ ತಟ್ಟಿ, ನಡುವೆ ಬೆರಳಿನಿಂದ ತೂತು ಮಾಡಿ ಸಾಲಾಗಿ ಇಡುತ್ತಿದ್ದ.

"ಯೇ?" ಎಂದು ವಿನೋದಿನಿ ಕೇಳಿದರು.

"ಅದು... ದೇವಿಗೆ ಬಳೆ, ಮೇಡಂ."

ದೂಜ ನಡುವೆ ನಿಂತು ಹಾಡು ಕಟ್ಟಿದ: "ನುಪ್ಪು ಉಂಡು, ಕಜಿಪು ಇಜ್ಜಿ!" ಉಳಿದವರು ಹೊಟ್ಟೆ ಬಡಿದುಕೊಂಡು, "ಕಜಿಪು ಉಂಡು, ನುಪ್ಪು ಇಜ್ಜಿ!" ಎಂದು ಸೊಲ್ಲೆತ್ತಿದರು. ತುಳುವಿನಲ್ಲಿ ಅದರ ಅರ್ಥ ಇಷ್ಟೇ: ಅನ್ನ ಉಂಟು, ಪದಾರ್ಥ ಇಲ್ಲ, ಪದಾರ್ಥ ಉಂಟು, ಅನ್ನ ಇಲ್ಲ. ಬೆಳಗಿನಿಂದ ಅವರು ಏನೂ ತಿಂದಿರಲಿಲ್ಲ.

"ಏನಂತಾರೋ ಅವರು?" ಅಂದರು ಸಾಹೇಬರು.

"ಭೂಮಿ ಉಂಟು, ಭಯ ಇಲ್ಲ ಅಂತ ಸಾರ್" ಎಂದು ಶೇಖರ ತೊದಲಿದ.

ವಿನೋದಿನಿಯ ಕಣ್ಣು ಒದ್ದೆಯಾಯಿತು. "ಇದು ಅಸಲಿ. ನೋಡಿ, ಇವರ ಆಂಖೋಂ ಮೇಂ... ಭೂಕ್... ಹಸಿವು ಇದೆ. ಅದು ಪಹಲೇ ವಾಲಾ, ಸಬ್ ನಾಟಕ."

ಸಾಹೇಬರು ಶೇಖರನ ಹೆಗಲ ಮೇಲೆ ಕೈ ಇಟ್ಟು ಬದಿಗೆ ಕರೆದೊಯ್ದರು. "ಖರೇ ಹೇಳು. ಆ ಮೊದಲಿನ ಮಂದೀನ್ನ ಎಲ್ಲಿಂದ ಬಾಡಿಗಿಗೆ ತಂದಿದ್ದಿ? ಮುದುಕನ ಮೀಸಿ ಹಚ್ಚಿದಿ, ಪೂಜಾರಿಗೆ ಓವರ್ ಆ್ಯಕ್ಟಿಂಗ್ ಬ್ಯಾಡ ಅಂದಿ, ಗಡಿಗಿ ಮ್ಯಾಲ ಗಡಿಗಿ ಕೇಳಿ ಕುಡದಿ. ನಾ ಏನು ಕುರುಡ ಇದ್ದೇನೇನು?"

ಶೇಖರನಿಗೆ ತಡೆಯಲಾಗಲಿಲ್ಲ. ತಾಡಿಯೋ, ಬೆನ್ನುರಿಯೋ, ಮುದುಕನ ಮೀಸೆಯ ನೆನಪೋ, ಅವನ ಬಾಯಿಂದ ಆ ದಿನದ ಮೊದಲ ಸತ್ಯ ಹೊರಬಿತ್ತು. "ಸಾರ್, ಕಾಲಿಗೆ ಬೀಳ್ತೇನೆ. ಅದೇ ಅಸಲಿ. ಇದು ನಕಲಿ. ಇವರೆಲ್ಲ ಹೋಟೆಲಿನವರು. ಇವನು ನಮ್ಮ ಚಾಳಿನ ದೂಜ, ದೋಸೆ ಹೊಯ್ಯುವವನು!"

"ಇಷ್ಟಾದ್ರೂ ಸುಳ್ಳು!" ಅಂದರು ಸಾಹೇಬರು.

ಶೇಖರ ದೂಜನ ಎರಡೂ ತೋಳು ಹಿಡಿದು ಅಲುಗಿಸಿದ. ತುಳುವಿನಲ್ಲಿ, "ದೂಜಾ, ಪಣ್ ಮಾರಾಯ! ಸತ್ಯ ಪಣ್!" ಎಂದು ಗೋಗರೆದ. ಸತ್ಯ ಹೇಳು, ನೀನು ಯಾರೆಂದು ಹೇಳು ಎಂದು ಕಣ್ಣಲ್ಲಿ ನೀರು ತಂದುಕೊಂಡ.

ದೂಜ ಒಂದು ಕ್ಷಣ ಅವನನ್ನೇ ನೋಡಿದ. ಸಾಹೇಬರಿಗೆ ಕಾಣದ ಹಾಗೆ ಒಂದು ಕಣ್ಣು ಮಿಟುಕಿಸಿದ. ಆಮೇಲೆ ಕಣ್ಣುಗುಡ್ಡೆ ಮೇಲೆ ಮಾಡಿ, "ಹೂ... ಹಾ!" ಎಂದು ರಾಕ್ಷಸನ ಗಂಟಲಲ್ಲಿ ಅಬ್ಬರಿಸಿ, ವಡೆಯವನ ಕೈಯಿಂದ ಮಣ್ಣು ಕಿತ್ತುಕೊಂಡು ಶೇಖರನ ಹಣೆಗೆ ಬಳಿದು, ಅವನ ಕಾಲಿಗೆ ಉದ್ದಂಡ ಬಿದ್ದ. ಯಜಮಾನ ಬಿದ್ದದ್ದನ್ನು ನೋಡಿ ಇಡೀ ಹೋಟೆಲು ಸೌಟು ಸಮೇತ ಬಿತ್ತು.

ಸಾಹೇಬರು ಬಾಯಿ ತೆರೆದವರು ಮುಚ್ಚಲು ಮರೆತರು.

ಕಾರು ಅಂಧೇರಿಯ ಕಡೆ ತಿರುಗಿತು. ಅಂಧೇರಿ ಹತ್ತಿರ ಬಂದಾಗ ಚನ್ನಬಸಯ್ಯನವರು ಗಂಟಲು ಸರಿಮಾಡಿಕೊಂಡರು.

"ನೋಡಪಾ ಶೇಖರ. ಮದಲ ನಾಟಕದ ಮಂದೀನ್ನ ತೋರ್ಸಿ ನಮ್ಮನ್ನ ಮಂಗ್ಯಾ ಮಾಡ್ಲಿಕ್ಕೆ ನೋಡಿದಿ. ಅದಕ್ಕ ಹೆಡ್‌ಕ್ಲಾರ್ಕ್ ಕುರ್ಚಿ ಈರಣ್ಣಗ ಹೋತು."

"ಸಾರ್..."

"ಪೂರಾ ಕೇಳು. ಆದರ ಆ ಕಾಡು ಮಂದಿ ಭಾಷಾ ಎಷ್ಟು ಸರಾಗ ಮಾತಾಡಿದ್ಯೋ! ನೀ ಎರಡು ಮಾತು ಆಡೂದ್ರಾಗ ಊರಿಗೆ ಊರ ನಿನ್ನ ಕಾಲಿಗೆ ಬಿತ್ತು. ಇಂಥಾ ಮನಷ್ಯಾನ್ನ ಕುರ್ಚಿ ಮ್ಯಾಲ ಕೂಡ್ಸಿದ್ರ ಕಂಪನಿಗೆ ಲುಕ್ಸಾನು. ಸೋಮವಾರದಿಂದ ಠಾಣಾ, ಪಾಲ್ಘರ್, ಡಹಾಣು, ಎಲ್ಲಾ ಹಳ್ಳಿ ನಿನ್ನವು. ಟೂರಿಂಗ್ ನೀನ ಮಾಡು."

ಶೇಖರನಿಗೆ ಕೆಮ್ಮು ಬಂತು. ಮನೆ ಮುಟ್ಟುವವರೆಗೂ ನಿಲ್ಲಲಿಲ್ಲ.

ಅಕ್ಕು ಅವನ ಬೆನ್ನಿಗೆ ಎಣ್ಣೆ ಸವರುತ್ತಿದ್ದಾಗ ದೂಜ ಬಂದ. ಅರ್ಧ ಮಸಿ ಹೋಗಿತ್ತು, ಅರ್ಧ ಹಾಗೇ ಇತ್ತು. ಮುಖ ಮಾತ್ರ ಹೊಸ ಸ್ಟೀಲ್ ತಾಟಿನ ಹಾಗೆ ಹೊಳೆಯುತ್ತಿತ್ತು.

"ಹೇಗೆ ಮಾರಾಯ್ರೆ! ನೀವು ಅಷ್ಟು ಅತ್ತು ಕೇಳಿದ್ರೂ ನಾನು ಬಾಯಿ ಬಿಟ್ಟೆನಾ? ಮತ್ತೆ ನಿಮ್ಮ ಆ್ಯಕ್ಟಿಂಗಾದ್ರೂ ಎಂಥದ್ದು! ಆ ಕಣ್ಣೀರು ನೋಡಿ ಒಂದು ಕ್ಷಣ ನನಗೇ ನಿಜ ಅನಿಸ್ತು! ಹೇಳಿ, ಕೆಲಸ ಆಯ್ತಾ?"

ಶೇಖರ ಗೋಡೆಯ ಕಡೆ ತಿರುಗಿದ. ಅಕ್ಕುವೇ ಹೇಳಿದಳು: "ಆಯ್ತು. ಸೋಮವಾರದಿಂದ ಠಾಣಾ, ಪಾಲ್ಘರ್, ಡಹಾಣು ಅಂತ ಊರೂರು ತಿರುಗ್ಲಿಕ್ಕುಂಟು ಅವರಿಗೆ."

"ನೋಡಿದ್ರಾ!" ಎಂದು ದೂಜ ಎದ್ದೇಬಿಟ್ಟ. "ಒಂದು ಕುರ್ಚಿ ಕೇಳಿದ್ರೆ ಮೂರು ತಾಲೂಕು ಕೊಟ್ಟಿದ್ದಾರೆ!" ಅವನು ಬಾಗಿಲು ದಾಟಿದವನೇ ಗ್ಯಾಲರಿಯ ಈ ತುದಿಯಿಂದ ಆ ತುದಿಯವರೆಗೆ ಆ ಸುದ್ದಿಯನ್ನು ಕೂಗಿಕೊಂಡು ಹೋದ.

ಒಂದೊಂದೇ ಬಾಗಿಲು ತೆರೆಯಿತು. ಚಾಳಿಗೆ ಚಾಳೇ ಸಾಲುಗಟ್ಟಿ ಬಂತು. ಶೇಖರ ಗುಂಡಿಯಿಲ್ಲದ ಅಂಗಿಯನ್ನು ಒಂದು ಕೈಯಲ್ಲಿ ಹಿಡಿದುಕೊಂಡು, ಇನ್ನೊಂದು ಕೈಯನ್ನು ಕುಲುಕಲು ಕೊಟ್ಟು ನಿಂತ.