ಸ್ಟೇರಿಂಗಿನ ಮೇಲೆ ಹತ್ತು ಗಂಟೆ ಹತ್ತು ನಿಮಿಷ

ಮೂವತ್ತು ವರ್ಷ ಬಸವಕಲ್ಯಾಣದ ಮಕ್ಕಳಿಗೆ ಗಡಿಯಾರ ನೋಡುವುದನ್ನು ಕಲಿಸಿದ ಗಣಿತದ ಮಾಸ್ತರ ನಾನು. ಹಾಗಾಗಿ ಕಾರು ಕಲಿಸುವ ಉಸ್ತಾದರು, "ಸರ್, ಸ್ಟೇರಿಂಗ್ ಅಂದ್ರ ಗಡಿಯಾರ ಅನ್ಕೋರಿ. ಎಡಗೈ ಹತ್ತರ ಮ್ಯಾಲ, ಬಲಗೈ ಎರಡರ ಮ್ಯಾಲ" ಎಂದಾಗ, ಈ ವಿದ್ಯೆ ನನಗೆ ಹುಟ್ಟಿನಿಂದಲೇ ಬರುತ್ತಿತ್ತು ಎನಿಸಿತು. ತಿರುವಿನಲ್ಲಿ ಕೈ ಬದಲಿಸುವುದನ್ನೂ ಅವರು ಹೇಳಿಕೊಟ್ಟರು. ಅದನ್ನು ನಾನು ಅಷ್ಟಾಗಿ ಕಿವಿಗೆ ಹಾಕಿಕೊಳ್ಳಲಿಲ್ಲ.

ಹೆಂಡತಿ ಮಹಾನಂದಾ ಹೊಸ ಕಾರು ಬಂದ ದಿನವೇ ಷರತ್ತು ಹಾಕಿದಳು.

"ಒಂದೇ ಸಲ ಕೂಡ್ತೀನ್ರಿ. ಹುಮನಾಬಾದದಾಗ ನನ್ನ ತವರಮನಿ ಬಾಗಲಾ ತನಕ ನೆಟ್ಟಗ ಒಯ್ದ್ರ ಸೈ. ಅಲ್ಲಿ ಮಂದಿ ನಕ್ಕ್ರ, ಆಮ್ಯಾಲ ನನಗ ಬಸ್ಸೇ."

ಕಾರಿನ ಪೂಜೆಯಾಯಿತು. ಕಾಯಿ ಒಡೆದು, ಗಾಲಿಗೆ ನಿಂಬೆಹಣ್ಣು ಇಟ್ಟು, ಅವಳು ಸ್ಟೇರಿಂಗಿಗೆ ವಿಭೂತಿ ಹಚ್ಚಲು ಬಂದಾಗ ನನ್ನೊಳಗಿನ ಗಣಿತ ಎಚ್ಚರವಾಯಿತು.

"ಹತ್ತರ ಮ್ಯಾಲ ಒಂದು, ಎರಡರ ಮ್ಯಾಲ ಒಂದು ಹಚ್ಚು. ಕೈ ಎಲ್ಲಿಡಬೇಕಂತ ಗೊತ್ತಾಗ್ತದ."

"ಹಚ್ಚೀನಿ. ತವರಮನಿ ಬರೋ ತನಕ ಇಭೂತಿ ಮ್ಯಾಲಿಂದ ಕೈ ತೆಗಿಬ್ಯಾಡ್ರಿ ಮತ್ತ."

"ತೆಗಿಯಂಗಿಲ್ಲ. ದೇವರಾಣಿ."

ಊರೊಳಗಿನ ಗದ್ದಲ ದಾಟಿಸಿ, ಹೆದ್ದಾರಿಯವರೆಗೆ ಉಸ್ತಾದರೇ ಕಾರು ತಂದು ಕೊಟ್ಟು ಇಳಿದುಹೋದರು. ಮುಂದೆ ನೇರ ರಸ್ತೆ. ಗೇರು ಬದಲಿಸುವ ಉಸಾಬರಿಯೂ ಇಲ್ಲದ ಕಾರು. ಎರಡು ಕೈ, ಎರಡು ವಿಭೂತಿ. ಲಾರಿಗಳು ಹಾರ್ನ್ ಹೊಡೆದು ಮುಂದೆ ಹೋದವು, ಎಮ್ಮೆಗಳೂ ಅಸಮಾಧಾನದಿಂದ ನೋಡಿದವು. ನಾನು ಯಾರಿಗೂ ಗಮನ ಕೊಡಲಿಲ್ಲ. ಮಹಾನಂದಾ ಒಮ್ಮೆ, "ಛಲೋ ಹೊಡ್ಯಾಕತ್ತೀರಿ" ಎಂದಳು. ಮದುವೆಯಾದ ಮೇಲೆ ಅವಳು ನನ್ನನ್ನು ಹೊಗಳಿದ್ದು ಅದು ಎರಡನೆಯ ಸಲವಿರಬೇಕು.

ಹುಮನಾಬಾದಿನಲ್ಲಿ ಅವಳ ತವರಿನ ಓಣಿಗೆ ಎಡಕ್ಕೆ ಹೊರಳಬೇಕು. ಬಾಗಿಲಲ್ಲಿ ಅವಳ ತಮ್ಮ ಶರಣಪ್ಪ, ಕೈಯಲ್ಲಿ ಚಹಾದ ಕಪ್ಪು ಹಿಡಿದು ನಿಂತಿದ್ದ. ಹಿಂದೆ ಇಡೀ ಮನೆ.

ನಾನು ಸ್ಟೇರಿಂಗ್ ತಿರುಗಿಸಿದೆ. ವಿಭೂತಿಯೂ ತಿರುಗಿತು. ವಿಭೂತಿಯ ಜೊತೆ ನನ್ನ ಕೈಗಳೂ ಹೋದವು. ಎಡಗೈ ನಾಲ್ಕಕ್ಕೆ ಇಳಿಯಿತು, ಬಲಗೈ ಅದರ ಮೇಲಿಂದ ಹಾದು ಎಂಟಕ್ಕೆ ಬಂತು. ಗಡಿಯಾರದ ಪ್ರಕಾರ ಈಗ ನಾಲ್ಕು ಗಂಟೆ ನಲವತ್ತು ನಿಮಿಷ. ಓಣಿಗೆ ಹೊರಳಲು ಇನ್ನೂ ಸ್ವಲ್ಪ ಹೊತ್ತು ಬೇಕಿತ್ತು, ಆದರೆ ನನ್ನ ತೋಳುಗಳಲ್ಲಿ ಹೊತ್ತು ಮುಗಿದಿತ್ತು. ಕಾರು ಮೂಲೆಯ ಮನೆಯವರು ಕಟ್ಟಡಕ್ಕೆಂದು ಹಾಕಿಸಿದ್ದ ಉಸುಕಿನ ರಾಶಿಯನ್ನು ಸಾವಕಾಶವಾಗಿ ಏರಿ ನಿಂತಿತು. ಗಂಟು ಬಿದ್ದ ಕೈಗಳ ಭಾರಕ್ಕೆ ಹಾರ್ನ್ ಒಂದೇ ಸಮನೆ ಕೂಗತೊಡಗಿತು. ಓಣಿಯ ಒಂದು ಬಾಗಿಲೂ ಮುಚ್ಚಿ ಉಳಿಯಲಿಲ್ಲ.

ಶರಣಪ್ಪ ಕಿಟಕಿಯಲ್ಲಿ ಬಗ್ಗಿದ. "ಮಾಮಾ, ಕೈ ಬಿಡ್ರಿ."

"ಬಿಡಂಗಿಲ್ಲೋ. ಆಣಿ ಮಾಡೀನಿ. ಇನ್ನಾ ಬಾಗಲಾ ಬಂದಿಲ್ಲ."

ಮಹಾನಂದಾ ಸೆರಗು ಹೊದ್ದು ಇಳಿದು, ಉಳಿದ ದಾರಿಯನ್ನು ನಡೆದೇ ಹೋದಳು. ಕೊನೆಗೆ ನನ್ನ ಬೆರಳುಗಳನ್ನು ಒಂದೊಂದಾಗಿ ಬಿಡಿಸಿದ್ದು ಶರಣಪ್ಪನೇ. ಆಮೇಲೆ ಅವನು ಒಂದೇ ಕೈಯಲ್ಲಿ ಕಾರನ್ನು ಹಿಂದೆ ತೆಗೆದು ಬಾಗಿಲ ಮುಂದೆ ನಿಲ್ಲಿಸಿದ. ಇನ್ನೊಂದು ಕೈಯ ಚಹಾ ಚೆಲ್ಲಲಿಲ್ಲ. ನನಗೆ ನಿಜಕ್ಕೂ ನಾಚಿಕೆಯಾಯಿತು.

ಸಂಜೆ ಕಾರನ್ನು ಅಲ್ಲೇ ಬಿಟ್ಟು ಇಬ್ಬರೂ ಬಸ್ಸಿನಲ್ಲಿ ಊರಿಗೆ ಹೊರಟೆವು. ಮುಂದಿನ ಸೀಟಿನ ಸರಳನ್ನು ನಾನು ಎರಡೂ ಕೈಯಿಂದ ಹಿಡಿದಿದ್ದೆ. ಅಂಗೈ ತುಂಬ ವಿಭೂತಿ.

"ಬಸ್ ಹೊರಳಾಕತ್ತದ್ರಿ," ಎಂದಳು ಮಹಾನಂದಾ. "ಈಗರೆ ಕೈ ಬಿಡ್ತೀರೇನು?"

ಬಿಡಲಿಲ್ಲ. ಬಸ್ಸು ಹೊರಳಿತು, ಸರಳು ಇದ್ದಲ್ಲೇ ಇತ್ತು. ತಿರುಗದೆ ಇರುವಂಥದ್ದನ್ನು ಹಿಡಿಯಲು ನನಗೆ ಚೆನ್ನಾಗಿಯೇ ಬರುತ್ತದೆ.